ಮೂರನೆಯ ಟ್ರೇಲರಿನ ಹಿಂದೆ ಎರಡು ಪೆಟ್ಟು

ಲವಾರ್ ಟೋಲ್ಮನ್ ಹತ್ತೊಂಬತ್ತು ವರ್ಷದಿಂದ ಮೂರನೆಯ ಟ್ರೇಲರಿನ ಹಿಂದಕ್ಕೆ ಹೋದವನಲ್ಲ. ಹೀಗೆಂದರೆ ನಮ್ಮ ಬರ್ಲಿ ಊರಿನ ಡ್ರೈವರುಗಳು ನಗುತ್ತಾರೆ. ಒಂದು ಲಾರಿಗೆ ಮೂರು ಟ್ರೇಲರ್ ಕಟ್ಟಿಕೊಂಡು ವಾರಕ್ಕೆ ಐದು ದಿನ ಬಾಯ್ಸಿ ನಗರಕ್ಕೆ ಹೋಗಿ ಬರುವವನು ಕೊನೆಯ ಟ್ರೇಲರಿನ ಬೆನ್ನು ನೋಡಿಲ್ಲ ಎನ್ನುವುದು, ಹಾಲು ಕರೆಯುವವನು ಕೆಚ್ಚಲು ಮುಟ್ಟಿಲ್ಲ ಎಂದ ಹಾಗೆ. ಆದರೂ ಮಾತು ನಿಜ. ಮೂರು ಟ್ರೇಲರುಗಳನ್ನೂ, ಅವುಗಳ ನಡುವೆ ಕೊಂಡಿಯಂತೆ ನಿಲ್ಲುವ ಡಾಲಿ ಎಂಬ ಗಾಲಿಗಾಡಿಗಳನ್ನೂ ತಾನೇ ಜೋಡಿಸುತ್ತಿದ್ದ. ಕೊನೆಯ ಒಂದು ಕೆಲಸಕ್ಕೆ ಮಾತ್ರ ಯಾರ್ಡಿನ ಮೇಸ್ತ್ರಿ ಬ್ರೆಂಟ್ ಸ್ಟೋಕರ್‌ನನ್ನು ಕೂಗುತ್ತಿದ್ದ.

ಆ ಕೆಲಸ ದೊಡ್ಡದೇನಲ್ಲ. ಲಾರಿಯಿಂದ ಹಿಂದಕ್ಕೆ ಎರಡು ಗಾಳಿಯ ಪೈಪುಗಳು ಹೋಗುತ್ತವೆ. ಕೆಂಪು ಪೈಪು ಟ್ರೇಲರುಗಳಿಗೆ ಗಾಳಿ ತುಂಬುತ್ತದೆ. ಡ್ರೈವರು ಬ್ರೇಕು ಒತ್ತಿದನೆಂಬ ಸುದ್ದಿಯನ್ನು ಹಿಂದಕ್ಕೆ ಒಯ್ಯುವುದು ನೀಲಿ ಪೈಪು. ಪ್ರತಿ ಟ್ರೇಲರಿನ ಹಿಂಭಾಗದಲ್ಲೂ ಎರಡಕ್ಕೂ ಒಂದೊಂದು ಹಿಡಿ ಇರುತ್ತದೆ. ಮುಂದಿನ ಎರಡು ಟ್ರೇಲರುಗಳಲ್ಲಿ ಅವು ತೆರೆದಿರಬೇಕು, ಕೊನೆಯದರಲ್ಲಿ ಮುಚ್ಚಿರಬೇಕು. ಎಲ್ಲ ಕಟ್ಟಿದ ಮೇಲೆ ಕೊನೆಯದರ ಹಿಂದೆ ನಿಂತು ಹಿಡಿಗಳನ್ನು ಒಂದು ಗಳಿಗೆ ತೆರೆದರೆ ಗಾಳಿ ಬುಸ್ಸೆನ್ನಬೇಕು. ಬುಸ್ಸೆನ್ನದಿದ್ದರೆ ನಡುವೆ ಎಲ್ಲೋ ಯಾರೋ ಒಂದು ಹಿಡಿ ತೆರೆಯಲು ಮರೆತಿದ್ದಾರೆ ಎಂದರ್ಥ. ಹಿಂದಿನ ಟ್ರೇಲರಿಗೆ ಬ್ರೇಕಿಲ್ಲ ಎಂದರ್ಥ.

"ಬ್ರೆಂಟ್, ಹಿಂದಕ್ಕೆ ಹೋಗಿ ಸ್ವಲ್ಪ ಕಿವಿ ಕೊಡೋ," ಎನ್ನುತ್ತಿದ್ದ ಲವಾರ್.

"ಯಾಕ್ ಯಜಮಾನ್ರೇ, ಕಾಲು ಬಾಡಿಗೆಗೆ ಕೊಟ್ಟಿದ್ದೀರಾ?" ಎಂದು ಬ್ರೆಂಟ್ ದಿನಾ ಅದೇ ಹಾಸ್ಯ ಮಾಡಿ, ದಿನಾ ಹೋಗಿ ನೋಡಿ ಬರುತ್ತಿದ್ದ. ಮೂವತ್ತೊಂದರ ಗಟ್ಟಿ ಆಳು. ಅವನ ಅಪ್ಪ ಓರ್ಸನ್ ಸ್ಟೋಕರ್ ಅದೇ ಯಾರ್ಡಿನಲ್ಲಿ, ಅಂಥದೇ ಮೂರು ಟ್ರೇಲರುಗಳ ನಡುವೆ ಸತ್ತಿದ್ದ. ಸತ್ತಾಗ ಬ್ರೆಂಟನಿಗೆ ಹನ್ನೆರಡು ವರ್ಷ. ಆವತ್ತು ಲಾರಿಯ ಸ್ಟೇರಿಂಗ್ ಹಿಡಿದು ಕೂತಿದ್ದವನು ಲವಾರ್.

ಅದು ೧೯೭೩ರ ಜನವರಿ. ನಮ್ಮ ಬಯಲಿನಲ್ಲಿ ಆ ತಿಂಗಳು ಮಂಜು ಒಮ್ಮೆ ಇಳಿದರೆ ಹತ್ತು ದಿನ ಏಳುವುದಿಲ್ಲ. ತಂತಿಗಳ ಮೇಲೆ, ಬೇಲಿಯ ಮೇಲೆ, ಹಸುವಿನ ರೆಪ್ಪೆಯ ಮೇಲೆ ಕೂಡ ಬಿಳಿ ಹೆಪ್ಪುಗಟ್ಟುತ್ತದೆ. ಬೀಟ್ ಸಕ್ಕರೆ ಕಾರ್ಖಾನೆಯ ಕೊಳೆತ ವಾಸನೆ ಆ ಮಂಜಿನೊಳಗೆ ಸಿಕ್ಕಿಕೊಂಡು ಮನೆ ಮನೆಗೆ ನುಗ್ಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೂ ದೀಪ ಹಾಕಿಕೊಂಡೇ ಓಡಾಟ. ಆಗ ಹಿಂದೆ ಹೋದ ಆಳು ಹತ್ತು ಹೆಜ್ಜೆಗೇ ಕಾಣದಾಗುತ್ತಾನೆ. ಅದಕ್ಕೇ ಲವಾರ್ ಮತ್ತು ಓರ್ಸನ್ ನಡುವೆ ಒಂದು ರೂಢಿ ಇತ್ತು. ಓರ್ಸನ್ ಹಿಂದೆ ಹೋಗಿ ಗಾಳಿ ಕೇಳಿ, ಸುರಕ್ಷಿತ ಜಾಗದಲ್ಲಿ ನಿಂತು, ಟೈರು ಬಡಿಯುವ ತನ್ನ ಕೋಲಿನಿಂದ ಟ್ರೇಲರಿಗೆ ಎರಡು ಪೆಟ್ಟು ಹೊಡೆಯುತ್ತಿದ್ದ. ಎರಡು ಪೆಟ್ಟು ಬಿದ್ದ ಮೇಲೆ ಲವಾರ್ ಹೊರಡುತ್ತಿದ್ದ.

ಆವತ್ತು ಎರಡನೆಯ ಟ್ರೇಲರಿನ ಹಿಡಿಗಳನ್ನು ತೆರೆಯಲು ಲವಾರನೇ ಮರೆತಿದ್ದ. ಹಿಂದೆ ಗಾಳಿ ಬರಲಿಲ್ಲ. ಓರ್ಸನ್ ಅದನ್ನು ತೆರೆಯಲೆಂದು ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬಗ್ಗಿದ. ಲವಾರ್ ಲಾರಿ ಎಳೆದ. ಈಗಿನ ಟ್ರೇಲರುಗಳಾಗಿದ್ದರೆ ಕೆಂಪು ಪೈಪಿನ ಗಾಳಿ ಇಲ್ಲದೆ ಬ್ರೇಕು ತಾನಾಗಿ ಬಿಗಿದು ಗಾಲಿ ಅಲ್ಲಾಡುತ್ತಿರಲಿಲ್ಲ. ಅವು ಹಳೆಯ ಕಾಲದವು, ಸರಾಗವಾಗಿ ಉರುಳಿದವು.

ಷೆರಿಫ್ ಬಂದು ಕೇಳಿದಾಗ ಲವಾರ್ ಹೇಳಿದ: "ಓರ್ಸನ್ ಕೋಲಿಂದ ಎರಡು ಪೆಟ್ಟು ಹೊಡ್ದ. ಕೇಳಿಸ್ತು. ಹೊರಟೆ."

ಅದು ಸುಳ್ಳು. ಪೆಟ್ಟು ಬಿದ್ದಿರಲಿಲ್ಲ. ಲವಾರನಿಗೆ ಹೊತ್ತಾಗಿತ್ತು, ಬಿದ್ದೀತು ಎಂದುಕೊಂಡು ಎಳೆದುಬಿಟ್ಟಿದ್ದ. ಆದರೆ ಸತ್ತವನು ಬಂದು ಇಲ್ಲವೆನ್ನುವನೇ? ಪೆಟ್ಟು ಹೊಡೆದ ಮೇಲೂ ಒಳಗೆ ನುಗ್ಗಿದನೆಂದರೆ ಓರ್ಸನ್‌ನದೇ ಅಜಾಗರೂಕತೆ ಎಂದು ಊರು ತೀರ್ಮಾನಿಸಿತು. ಯಾರ್ಡಿಗೆ ಹೊಸಬರು ಬಂದರೆ ಇಂದಿಗೂ ಅದೇ ಪಾಠ: ಓರ್ಸನ್ ಸ್ಟೋಕರ್ ಹಾಗೆ ಸಾಯಬೇಡಿ. ಹೇಳುವವನು ಬ್ರೆಂಟನೇ.

ಅಪಘಾತವಾಗಿ ಮೂರು ವಾರದ ಮೇಲೆ ಲವಾರ್ ಮತ್ತೆ ಲಾರಿ ಹತ್ತಿದ. ಎಲ್ಲ ಕಟ್ಟಿ, ಕ್ಯಾಬಿನ್ನಿನಲ್ಲಿ ಕೂತು, ಬ್ರೇಕು ಬಿಡಲೆಂದು ಗುಂಡಿಗೆ ಕೈ ಹಾಕಿದ. ಆಗ ಹಿಂದಿನಿಂದ, ಬಹಳ ದೂರದಿಂದ, ಎರಡು ಪೆಟ್ಟು ಕೇಳಿಸಿತು. ಠಕ್. ಠಕ್. ಇಳಿದು ಆಗಿನ ಮೇಸ್ತ್ರಿಯನ್ನು ಕೇಳಿದರೆ, "ನಾನೆಲ್ಲಿ ಬಡಿದೆ ಮಾರಾಯ, ಗೇಟಿನ ಹತ್ರ ಇದ್ದೆ," ಎಂದ. ಮಾರನೆಯ ದಿನವೂ ಬಿತ್ತು. ಬೇಸಿಗೆಯಲ್ಲೂ, ಬಿಸಿಲು ಚುರುಗುಟ್ಟುವಾಗಲೂ ಬಿತ್ತು. ತಾನು ಆಡಿದ ಸುಳ್ಳೇ ನಿಜವಾಗಿ ಬಂದು ಬೆನ್ನ ಹಿಂದೆ ತಟ್ಟತೊಡಗಿದರೆ ಮನುಷ್ಯ ಯಾರಿಗೆ ಹೇಳಿಕೊಳ್ಳಬೇಕು? ಲವಾರ್ ಯಾರಿಗೂ ಹೇಳಲಿಲ್ಲ. ಹಿಂದಕ್ಕೆ ಹೋಗಿ ನೋಡುವ ಧೈರ್ಯವೂ ಬರಲಿಲ್ಲ. ಹೆದರಿಕೆಗೂ ಮನುಷ್ಯ ಒಗ್ಗಿಕೊಳ್ಳುತ್ತಾನೆ. ವರ್ಷಗಳು ಕಳೆದಂತೆ ಆ ಎರಡು ಪೆಟ್ಟು ಬೀಳುವ ತನಕ ಹೊರಡದಿರುವುದೇ ಅವನ ಅಭ್ಯಾಸವಾಯಿತು.

ಹೀಗೇ ನಿವೃತ್ತಿಯವರೆಗೂ ಸಾಗುತ್ತಿತ್ತೇನೋ. ಆದರೆ ಹೊಸ ಕಾನೂನು ಬಂತು. ೧೯೯೨ರ ಏಪ್ರಿಲ್ ಒಂದರೊಳಗೆ ದೇಶದ ಲಾರಿ ಡ್ರೈವರುಗಳೆಲ್ಲ ಹೊಸ ಪರವಾನಗಿ ಪಡೆಯಬೇಕು. ಎರಡು ಮೂರು ಟ್ರೇಲರ್ ಎಳೆಯುವವರು ಅದಕ್ಕೆಂದೇ ಬೇರೆ ಪರೀಕ್ಷೆ ಬರೆಯಬೇಕು. ಇಪ್ಪತ್ತು ಪ್ರಶ್ನೆ, ಹದಿನಾರು ಸರಿಯಿರಬೇಕು. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು ಎಂದು ಹಳೆಯ ಡ್ರೈವರುಗಳು ಬೈದುಕೊಂಡು ಪುಸ್ತಕ ತೆಗೆದುಕೊಂಡರು. ಲವಾರನೂ ತೆಗೆದುಕೊಂಡ. ಅವನಿಗೆ ಐವತ್ತನಾಲ್ಕು. ಬೇರೆ ಕಸುಬು ಗೊತ್ತಿಲ್ಲ. ಓದಲು ಬರುವುದಿಲ್ಲ.

ಓದಲು ಬಾರದವನು ಅದನ್ನು ಮುಚ್ಚಿಡಲು ಖರ್ಚು ಮಾಡುವ ಬುದ್ಧಿಯಲ್ಲಿ ಓದಿದವನು ನಾಲ್ಕು ಪುಸ್ತಕ ಬರೆಯಬಹುದು. ಚಿಕ್ಕಂದಿನಲ್ಲಿ ಬೀಟ್ ಹೊಲದಲ್ಲಿ ಕಳೆ ಕೀಳಲು ಹೋಗಿ ಶಾಲೆ ಅರ್ಧಕ್ಕೇ ನಿಂತಿತ್ತು. ನಿಲ್ಲದಿದ್ದರೂ ಪ್ರಯೋಜನವಿರಲಿಲ್ಲ, ಅವನ ಕಣ್ಣಿಗೆ ಅಕ್ಷರಗಳು ಕೋಲು ಹಾಕಿ ಕೆದಕಿದ ಇರುವೆಗಳಂತೆ ಓಡಾಡುತ್ತಿದ್ದವು. ಅಂಕಿಗಳು ಮಾತ್ರ ನಿಂತಲ್ಲಿ ನಿಲ್ಲುತ್ತಿದ್ದವು. ರಸ್ತೆಯ ಫಲಕಗಳನ್ನು ಬಣ್ಣದಿಂದ, ಆಕಾರದಿಂದ ಗುರುತಿಸುತ್ತಿದ್ದ. ಚರ್ಚಿನಲ್ಲಿ ವಚನ ಓದಲು ಹೇಳಿದರೆ ಕನ್ನಡಕ ಮರೆತು ಬಂದಿರುತ್ತಿದ್ದ. ಉಳಿದದ್ದನ್ನೆಲ್ಲ ಹೆಂಡತಿ ನೋರ್ಡಾ ಓದಿ ಹೇಳುತ್ತಿದ್ದಳು. ನೋರ್ಡಾ ಎರಡು ವರ್ಷದ ಹಿಂದೆ ತೀರಿಕೊಂಡಳು.

ಪರೀಕ್ಷೆಯ ಕಚೇರಿಯಲ್ಲಿ ಓದಲಾಗದವರಿಗೆ ಪ್ರಶ್ನೆಗಳನ್ನು ಕ್ಯಾಸೆಟ್ಟಿನಲ್ಲಿ ಕೇಳಿಸುವ ಅನುಕೂಲವಿತ್ತು. ಆದರೆ ಉತ್ತರಗಳು ಪುಸ್ತಕದಲ್ಲಿದ್ದವು. ಯಾರಾದರೂ ಓದಿ ಹೇಳಬೇಕು, ಯಾರಿಗೂ ಗೊತ್ತಾಗಬಾರದು. ಬರ್ಲಿಯಲ್ಲಿ ದೊಡ್ಡವರಿಗೆ ಓದು ಕಲಿಸುವವಳು ಒಬ್ಬಳೇ, ಗ್ರಂಥಾಲಯದ ಆರ್ವಿಲ್ಲಾ ಸ್ಟೋಕರ್. ಅವಳ ಹೊಟ್ಟೆ ಬಾವಿ ಇದ್ದ ಹಾಗೆ, ಬಿದ್ದ ಮಾತು ಮೇಲೆ ಬರುವುದಿಲ್ಲ. ಓರ್ಸನ್‌ನ ಹೆಂಡತಿ, ಬ್ರೆಂಟನ ತಾಯಿ.

ಹತ್ತೊಂಬತ್ತು ವರ್ಷ ಲವಾರ್ ಅವಳ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಚೀಲ ಆಲೂಗಡ್ಡೆಯನ್ನು ಅವಳ ಜಗಲಿಯ ಮೇಲಿಟ್ಟು, ಬಾಗಿಲು ತಟ್ಟದೆ ಬಂದುಬಿಡುತ್ತಿದ್ದ. ಈಗ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಾಗಿಲು ತಟ್ಟಿದ.

"ಸಿಸ್ಟರ್ ಸ್ಟೋಕರ್," ಎಂದ, ಚರ್ಚಿನಲ್ಲಿ ಕರೆಯುವಂತೆ. "ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು."

ಅವಳು ಪುಸ್ತಕ ನೋಡಿದಳು, ಅವನ ಮುಖ ನೋಡಿದಳು. "ಒಳಗೆ ಬಾ. ಷೂ ಬಿಚ್ಬೇಡ, ನೆಲ ಐಸ್ ಆಗಿದೆ," ಎಂದಳು. ಯಾಕೆ, ಏನು ಎಂದು ಕೇಳಲಿಲ್ಲ. ಅಂದಿನಿಂದ ಮಂಗಳವಾರ, ಶುಕ್ರವಾರ ಸಂಜೆ ಏಳಕ್ಕೆ ಪಾಠ.

ಅಡುಗೆಮನೆಯ ಮೇಜು, ಹುರಿದ ಗೋಧಿಯ ಬಿಸಿ ಕಷಾಯ, ಜೇನು ಬೆಣ್ಣೆ ಸವರಿದ ಕರಿದ ರೊಟ್ಟಿ. ಕಿಟಕಿಯಾಚೆ ಮಂಜು ಗಾಜಿಗೇ ಅಂಟಿಕೊಂಡಿತ್ತು. ಬಾಗಿಲ ಹಿಂದಿನ ಮೊಳೆಗೆ ಓರ್ಸನ್‌ನ ಕೋಲು ನೇತಾಡುತ್ತಿತ್ತು. ಮೊಳಕ್ಕಿಂತ ತುಸು ಉದ್ದದ ಗಟ್ಟಿ ಮರ, ತುದಿಗೆ ಸೀಸ ಹೊಯ್ದದ್ದು, ಹಿಡಿಗೆ ಚರ್ಮದ ಕುಣಿಕೆ. ಸತ್ತವನ ಮೈಮೇಲಿದ್ದ ಸಾಮಾನಿನ ಜೊತೆ ಇದನ್ನೂ ತಂದುಕೊಟ್ಟಿರಬೇಕು ಎಂದುಕೊಂಡ ಲವಾರ್ ಅದಕ್ಕೆ ಬೆನ್ನು ಮಾಡಿ ಕೂತ.

"ಮೂರು ಟ್ರೇಲರಲ್ಲಿ ಭಾರದ್ದು ಎಲ್ಲಿರ್ಬೇಕು?"

"ಲಾರಿ ಬೆನ್ನಿಗೆ. ಹಗುರದ್ದು ಕೊನೆಗೆ."

"ಸ್ಟೇರಿಂಗ್ ಒಮ್ಮೆಲೇ ತಿರುಗಿಸಿದ್ರೆ ಮೊದಲು ಮಗುಚೋದು ಯಾವುದು?"

"ಕೊನೇದು. ಚಾಟಿ ಬೀಸಿದ್ರೆ ತುದಿಗೆ ಜೋರು ಅಲ್ವಾ, ಹಾಗೆ. ಮುಂದೆ ಕೂತೋನಿಗೆ ಗೊತ್ತೇ ಆಗಲ್ಲ, ಹಿಂದೆ ಎಲ್ಲಾ ಮುಗ್ದಿರುತ್ತೆ."

"ಪುಸ್ತಕಕ್ಕಿಂತ ಚೆನ್ನಾಗಿ ಹೇಳ್ತೀಯ," ಎಂದಳು. ಲವಾರನಿಗೆ ನಿಜಕ್ಕೂ ಖುಷಿಯಾಯಿತು. ಆಮೇಲೆ ಅವಳು ಕೇಳಿದಳು: "ಗಾಳಿ ಕೊನೇ ಟ್ರೇಲರಿಗೆ ತಲುಪಿದೆ ಅಂತ ಹೇಗೆ ತಿಳ್ಕೋತೀಯ?"

"ಹಿಂದಿನಿಂದ ಎರಡು ಪೆಟ್ಟು ಬೀಳುತ್ತೆ," ಎಂದುಬಿಟ್ಟ.

ಆರ್ವಿಲ್ಲಾ ತಲೆ ಎತ್ತಲಿಲ್ಲ. "ಆ ಉತ್ತರ ಈ ನಾಲ್ಕರಲ್ಲಿ ಇಲ್ಲ," ಎಂದು ಪೆನ್ಸಿಲಿನಿಂದ ತಪ್ಪು ಗುರುತು ಹಾಕಿದಳು. ಆವತ್ತು ಹದಿನೈದು ಬಂತು. ಮುಂದಿನ ಸಲವೂ ಹದಿನೈದು. ಕಾನೂನಿನ ಭಾಷೆಯ ನಾಲ್ಕು ಪ್ರಶ್ನೆಗಳು ಅವನಿಗೆ ಎಷ್ಟು ಹೇಳಿದರೂ ತಲೆಗೆ ಹತ್ತುತ್ತಿರಲಿಲ್ಲ. ಐದನೆಯದು ಗಾಳಿಯ ಪ್ರಶ್ನೆ. ಉತ್ತರ ಗೊತ್ತಿತ್ತು: ಇಳಿ, ಹಿಂದಕ್ಕೆ ನಡೆ, ಹಿಡಿ ತೆರೆದು ಕೇಳು. ಆದರೆ ಅದನ್ನು ಬಾಯಿಬಿಟ್ಟು ಹೇಳಹೋದರೆ ನಾಲಿಗೆ ಮೇಲಕ್ಕೇಳುತ್ತಿರಲಿಲ್ಲ. ತಾನು ಮಾಡದ್ದನ್ನು ಮಾಡುತ್ತೇನೆಂದು ಆ ಹೆಂಗಸಿನ ಎದುರು ಹೇಗೆ ಹೇಳುವುದು? ಆ ಒಂದು ಉತ್ತರಕ್ಕೆ ಅವನ ಲಾರಿ, ಅವನ ಅನ್ನ ನೇತುಬಿದ್ದಿತ್ತು.

ನಾಲ್ಕನೆಯ ಪಾಠದ ದಿನ ಆರ್ವಿಲ್ಲಾ ಅದೇ ಏರಿಳಿತವಿಲ್ಲದ ದನಿಯಲ್ಲಿ ಓದಿದಳು:

"ಪ್ರಶ್ನೆ ಹದಿನಾಲ್ಕು. ಯಾರ್ಡಿನಲ್ಲಿ ಮಂಜು. ಸಹಾಯಕ ಹಿಂದಕ್ಕೆ ಹೋಗಿದ್ದಾನೆ. ಹೊರಡುವ ಮುಂಚೆ ಡ್ರೈವರಿಗೆ ಎಷ್ಟು ಪೆಟ್ಟು ಕೇಳಿಸಿತು? ಒಂದು. ಎರಡು. ಮೂರು. ಒಂದೂ ಇಲ್ಲ."

ಲವಾರ್ ಬಟ್ಟಲು ಕೆಳಗಿಟ್ಟ. "ಏನಂದ್ರಿ?"

ಅವಳು ಮತ್ತೆ ಓದಿದಳು, ಒಂದು ಅಕ್ಷರ ಬದಲಾಗದೆ.

"ಎರಡು," ಎಂದ.

"ತಪ್ಪು," ಎಂದು ಗುರುತು ಹಾಕಿ ಹಾಳೆ ತಿರುಗಿಸಿದಳು. "ಪ್ರಶ್ನೆ ಹದಿನೈದು."

"ಅದು... ಅದು ಪುಸ್ತಕದಲ್ಲಿ ಇದೆಯಾ ಸಿಸ್ಟರ್?"

"ಪುಸ್ತಕ ನಿಂದೇ ಅಲ್ವಾ? ಮನೆಗೆ ಹೋಗಿ ನೋಡ್ಕೋ."

ಮನೆಗೆ ಹೋಗಿ ನೋಡಿದ. ೧೪ ಎಂಬ ಅಂಕಿ ಸಿಕ್ಕಿತು. ಅದರ ಕೆಳಗೆ ಇರುವೆಗಳು. ನಾಲ್ಕು ಸಾಲು ಉತ್ತರಗಳಿದ್ದವು, ನಿಜ. ಎಲ್ಲ ಪ್ರಶ್ನೆಗೂ ನಾಲ್ಕೇ ಸಾಲು. ಬೆರಳಿಟ್ಟುಕೊಂಡು ಒಂದು ಗಂಟೆ ಕೂತ. ಬೇರೆಯವರಿಗೆ ತೋರಿಸಿ ಕೇಳೋಣವೆಂದರೆ ಓದಲು ಬರುವುದಿಲ್ಲವೆಂದು ಒಪ್ಪಿಕೊಳ್ಳಬೇಕು. ಸರ್ಕಾರದ ಪುಸ್ತಕಕ್ಕೆ ತನ್ನ ಗುಟ್ಟು ಹೇಗೆ ಗೊತ್ತಾಯಿತೆಂದು ಯೋಚಿಸುತ್ತ ಪುಸ್ತಕವನ್ನು ದೂರ ಸರಿಸಿದ. ನಗಬೇಡಿ. ಓದಲು ಬಾರದವನಿಗೆ ಯಾವ ಹಾಳೆಯ ಮೇಲೆ ಯಾರ ಹೆಸರಿದೆಯೋ ಗೊತ್ತಿರುವುದಿಲ್ಲ.

ಮಾರನೆಯ ಬೆಳಿಗ್ಗೆ ಯಾರ್ಡಿನಲ್ಲಿ ಪೆಟ್ಟು ಬಿತ್ತು. ಆದರೆ ಕೊನೆಯಿಂದ ಬರಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನಿಂದ ಬಂತು. ಹತ್ತೊಂಬತ್ತು ವರ್ಷ ಕೇಳಿದ ಕಿವಿ. ದೂರ ಅಳೆಯುವುದರಲ್ಲಿ ತಪ್ಪುವುದಿಲ್ಲ.

ಮುಂದಿನ ಪಾಠದಲ್ಲಿ ಆ ಪ್ರಶ್ನೆ ಮೂರನೆಯದಾಗಿ ಬಂತು, ಇನ್ನಷ್ಟು ಉದ್ದವಾಗಿ: ಯಾರ್ಡಿನಲ್ಲಿ ಮಂಜು. ಎರಡನೆಯ ಟ್ರೇಲರಿನ ಹಿಡಿ ಮುಚ್ಚಿಕೊಂಡಿದೆ. ಸಹಾಯಕ ಬಗ್ಗಿದ್ದಾನೆ. ಎಷ್ಟು ಪೆಟ್ಟು ಕೇಳಿಸಿತು? ಲವಾರ್ ಮತ್ತೆ ಎರಡು ಎಂದ, ಅವಳು ಮತ್ತೆ ತಪ್ಪು ಎಂದಳು. ಮಾರನೆಯ ದಿನ ಪೆಟ್ಟು ಮೊದಲ ಟ್ರೇಲರಿನ ಹಿಂದೆ ಬಿತ್ತು. ಅದರ ಮುಂದಿನ ವಾರ, ಪರೀಕ್ಷೆಗೆ ಎರಡು ದಿನ ಇರುವಾಗ, ಕ್ಯಾಬಿನ್ನಿನ ಹಿಂಗೋಡೆಗೇ ಬಿತ್ತು. ಅವನ ತಲೆಯಿಂದ ಒಂದು ಗೇಣು ದೂರ. ಸೀಟು ಅದುರಿದ್ದು ಬೆನ್ನಿಗೆ ತಿಳಿಯಿತು. ಕನ್ನಡಿಯಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಮುಂದಿನ ಸಲ ಎಲ್ಲಿ ಬಡಿಯುತ್ತದೆ ಎಂದು ಯೋಚಿಸಲೂ ಅವನಿಗೆ ಭಯವಾಯಿತು.

ಪರೀಕ್ಷೆಯ ಹಿಂದಿನ ದಿನ ಕೊನೆಯ ಪಾಠ. ಆರ್ವಿಲ್ಲಾ ಪುಸ್ತಕ ತೆರೆಯಲೇ ಇಲ್ಲ. ಎರಡೂ ಕೈಯನ್ನು ಮೇಜಿನ ಮೇಲಿಟ್ಟು, ಕಂಠಪಾಠ ಒಪ್ಪಿಸುವಂತೆ ಹೇಳಿದಳು.

"ಯಾರ್ಡಿನಲ್ಲಿ ಮಂಜು. ಓರ್ಸನ್ ಬಗ್ಗಿದ್ದಾನೆ. ಎಷ್ಟು ಪೆಟ್ಟು ಕೇಳಿಸಿತು?"

ಒಲೆಯ ಮೇಲೆ ಕೆಟ್ಲು ಬುಸ್ಸೆನ್ನುತ್ತಿತ್ತು. ಲವಾರ್ ಅದು ತಾನಾಗಿ ನಿಲ್ಲುತ್ತದೇನೋ ಎಂಬಂತೆ ಅದನ್ನೇ ನೋಡುತ್ತ ಕೂತ.

"ಒಂದೂ ಇಲ್ಲ ಆರ್ವಿಲ್ಲಾ," ಎಂದ ಕಡೆಗೆ. "ಅವನು ಹೊಡೀಲಿಲ್ಲ. ಹಿಡಿ ಮುಚ್ಚಿ ಬಿಟ್ಟಿದ್ದು ನಾನು. ಹೊತ್ತಾಗಿತ್ತು. ಹೊಡೆದಾನು ಅಂತ... ಕಾಯಲಿಲ್ಲ. ಷೆರಿಫ್ ಕೇಳಿದಾಗ ಬಾಯಿಗೆ ಅದು ಬಂದುಬಿಡ್ತು. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ."

ಅವಳು ಎದ್ದು ಕೆಟ್ಲನ್ನು ಇಳಿಸಿದಳು. ಬಾಗಿಲ ಹಿಂದಕ್ಕೆ ಹೋಗಿ ಕೋಲನ್ನು ತೆಗೆದು ತಂದು ಅವನ ಮುಂದೆ ಇಟ್ಟಳು.

"ಇದು ಎಲ್ಲಿತ್ತು ಗೊತ್ತಾ ಆವತ್ತು?"

"ಯಾರ್ಡಲ್ಲಿ. ಅವನ ಕೈಲಿ."

"ಇಲ್ಲಿ. ಇದೇ ಮೊಳೆ ಮೇಲೆ. ಕುಣಿಕೆ ಕಿತ್ತು ಹೋಗಿತ್ತು, ಹೊಲಿದಿಡು ಅಂತ ಹಿಂದಿನ ಸಂಜೆ ನನ್ ಕೈಗೆ ಕೊಟ್ಟಿದ್ದ. ಬೆಳಿಗ್ಗೆ ಮರೆತು ಹೋದ. ನೀನು ಷೆರಿಫ್ ಮುಂದೆ, ಓರ್ಸನ್ ಕೋಲಿಂದ ಎರಡು ಪೆಟ್ಟು ಹೊಡ್ದ ಅಂತ ಹೇಳ್ತಿದ್ದಾಗ ನಾನು ಇದನ್ನ ಹೊಲೀತಿದ್ದೆ."

"ಗೊತ್ತಿದ್ದೂ... ಯಾರಿಗೂ ಹೇಳ್ಲಿಲ್ವಲ್ಲ," ಎಂದ ಲವಾರ್.

"ಹೇಳಿದ್ರೆ? ಕೋಲಿಲ್ದಿದ್ರೆ ಕೈಯಿಂದ ಬಡಿದಿರ್ತಾನೆ ಬಿಡಮ್ಮ ಅಂತಿದ್ರು. ನಂಗೆ ಬೇಕಾಗಿದ್ದು ನಿನ್ನ ಬಾಯಿಂದ. ಈ ವರ್ಷ ಬರ್ತಾನೆ, ಮುಂದಿನ ವರ್ಷ ಬರ್ತಾನೆ ಅಂತ ಕಾದೆ. ನೀನು ಆಲೂಗಡ್ಡೆ ತಂದಿಟ್ಟು ಓಡ್ತಿದ್ದೆ. ಆಲೂಗಡ್ಡೆ ಯಾರು ಕೇಳಿದ್ರೋ ನಿನ್ನ? ಊರೆಲ್ಲಾ ಅದೇ ಬೆಳೀತಾರೆ!"

ಅವಳು ಅತ್ತಳು, ಸಿಟ್ಟಿನಿಂದಲೇ ಅತ್ತಳು. ಲವಾರನೂ ಅತ್ತ. ಇಬ್ಬರ ನಡುವೆ ಮೇಜಿನ ಮೇಲೆ ಆ ಕೋಲು ಬಿದ್ದಿತ್ತು.

"ನನ್ನನ್ನ ಕ್ಷಮಿಸ್ತೀಯಾ?"

"ಅದು ಪುಸ್ತಕದಲ್ಲಿ ಇಲ್ಲ," ಎಂದು ಅವಳು ಏಪ್ರನ್ನಿನಿಂದ ಮೂಗು ಒರೆಸಿಕೊಂಡಳು. "ಉತ್ತರ ಸರಿಯಾಗಿದೆ. ಮುಂದಿನ ಪ್ರಶ್ನೆ. ಗಾಳಿ ಕೊನೇ ಟ್ರೇಲರಿಗೆ ತಲುಪಿದೆ ಅಂತ ಹೇಗೆ ತಿಳ್ಕೋತೀಯ?"

"ಇಳಿದು ಹಿಂದಕ್ಕೆ ಹೋಗ್ತೀನಿ. ಹಿಡಿ ತೆರೀತೀನಿ. ಕೆಂಪು, ನೀಲಿ ಎರಡೂ. ಕೇಳ್ತೀನಿ."

"ಹದಿನಾರು," ಎಂದಳು. ಅವನು ಏಳುವಾಗ ಕೋಲನ್ನು ಅವನ ಕೈಗೆ ತುರುಕಿದಳು. "ನಂಗೆ ಗೊತ್ತಿದ್ದದ್ದನ್ನೇ ಹೇಳ್ದೆ ನೀನು. ಗೊತ್ತಿಲ್ದೆ ಇರೋನು ಇನ್ನೊಬ್ಬ ಇದ್ದಾನೆ. ಇದನ್ನ ಯಾರ್ಡಿಗೆ ತಗೊಂಡ್ಹೋಗು. ಅವನೇ ಕೇಳ್ತಾನೆ. ಆಗ ಹೇಳು."

ಪರೀಕ್ಷೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪರವಾನಗಿಯನ್ನೂ ಕೊಡುವ ಷೆರಿಫ್ ಕಚೇರಿಯ ಮೂಲೆಯ ಕೋಣೆ, ಕಿವಿಗೆ ಹೆಡ್‌ಫೋನ್, ಕ್ಯಾಸೆಟ್ಟಿನಲ್ಲಿ ಯಾರೋ ಗಂಡಸಿನ ದನಿ. ಹದಿನಾಲ್ಕನೆಯ ಪ್ರಶ್ನೆಗೆ ಲವಾರ್ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದ. ಅದು ಡಾಲಿಯ ಕೊಕ್ಕೆಯ ಬಗ್ಗೆ ಇತ್ತು. ಹದಿನೇಳು ಸರಿ ಬಂತು. ಕೌಂಟರಿನ ಹುಡುಗಿ, "ಇನ್ನೇನು, ಮೂರು ಟ್ರೇಲರ್ ಎಳೀಬಹುದು ನೀವು," ಎಂದು ನಕ್ಕಳು. ಲವಾರನಿಗೆ ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಯಾರ್ಡಿನಲ್ಲಿ ಅದೇ ಮಂಜು. ಲವಾರ್ ಮೂರನ್ನೂ ಜೋಡಿಸಿದ. ಮನಸ್ಸೆಲ್ಲ ಬ್ರೆಂಟನಿಗೆ ಹೇಳಬೇಕಾದ ಮಾತಿನ ಮೇಲಿತ್ತು. ಕೋಲು ಸೀಟಿನ ಪಕ್ಕದಲ್ಲಿತ್ತು, ತೋರಿಸುವ ಧೈರ್ಯವಾಗಲಿಲ್ಲ. ಸಂಜೆ ಬಂದು ಹೇಳಿದರಾಯಿತು ಎಂದುಕೊಂಡ. ರೂಢಿಯಂತೆ ಬ್ರೆಂಟನನ್ನು ಕೂಗಿದ. ಬ್ರೆಂಟ್ ರೂಢಿಯಂತೆ ಹಾಸ್ಯ ಮಾಡಿ ಹಿಂದಕ್ಕೆ ಹೋದ. ಬುಸ್ಸೆಂಬ ಸದ್ದು ಸಣ್ಣಗೆ ಕೇಳಿಸಿತು. "ಸರಿ ಇದೆ, ಹೊರಡಿ!" ಎಂದು ಬ್ರೆಂಟ್ ಮಂಜಿನೊಳಗಿಂದ ಕೂಗಿ ಷೆಡ್ಡಿನತ್ತ ಹೋದ.

ಲವಾರ್ ಗುಂಡಿಗೆ ಕೈಯಿಟ್ಟು ಎರಡು ಪೆಟ್ಟಿಗೆ ಕಾದ.

ಬೀಳಲಿಲ್ಲ.

ಒಂದು ನಿಮಿಷ ಕಾದ. ಎರಡು ನಿಮಿಷ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹಿಂದಿನಿಂದ ಏನೂ ಬರಲಿಲ್ಲ. ಬರುತ್ತಿದ್ದಾಗ ಆಗದಷ್ಟು ಭಯ ಈಗ ಆಯಿತು. ಬಡಿಯುತ್ತಿದ್ದವನು ಹೋದನೇ? ಇಲ್ಲ, ಈಗಲೂ ಅಲ್ಲಿ ಬಗ್ಗಿಕೊಂಡಿದ್ದಾನೆಯೇ? ಎಂಜಿನ್ ನಿಲ್ಲಿಸಿ, ನೀಲಿ ಪೈಪಿಗೂ ಗಾಳಿ ಹೋಗಲೆಂದು ಟ್ರೇಲರ್ ಬ್ರೇಕಿನ ಕೈಹಿಡಿಯನ್ನು ಕೆಳಕ್ಕೆ ಎಳೆದು, ಕೀಲಿಯನ್ನು ಕಿಸೆಗೆ ಹಾಕಿಕೊಂಡ. ಕೋಲು ತೆಗೆದುಕೊಂಡು ಇಳಿದ.

ನೂರು ಅಡಿಯಾಚೆಗಿನ ಆ ಜಾಗಕ್ಕೆ ಅವನು ಟ್ರೇಲರಿನ ಮೈಯನ್ನು ಕೈಯಿಂದ ಸವರುತ್ತಲೇ ನಡೆದ. ಮೊದಲನೆಯದು. ಡಾಲಿ. ಎರಡನೆಯದು. ಡಾಲಿ. ಮೂರನೆಯದು. ಅದು ಮುಗಿಯಿತು. ಹಿಂದೆ ಯಾರೂ ಇರಲಿಲ್ಲ. ಹೆಪ್ಪುಗಟ್ಟಿದ ನೆಲದ ಮೇಲೆ ಬ್ರೆಂಟನ ಹೆಜ್ಜೆ ಗುರುತು ಮಾತ್ರ ಇತ್ತು. ಲವಾರ್ ಕೆಂಪು ಹಿಡಿಯನ್ನು ತೆರೆದ. ಬುಸ್ಸೆಂದಿತು. ಮುಚ್ಚಿ, ನೀಲಿಯದನ್ನು ತೆರೆದ.

ಸದ್ದಿಲ್ಲ.

ಅವನಿಗೆ ತಕ್ಷಣ ಅರ್ಥವಾಯಿತು. ಬ್ರೆಂಟ್ ಕೆಂಪನ್ನಷ್ಟೇ ಕೇಳಿ ಕೂಗಿದ್ದ. ಹೀಗೇ ಹೊರಟಿದ್ದರೆ ಗಾಲಿಗಳು ಉರುಳುತ್ತಿದ್ದವು, ಹಿಂದಿನದಕ್ಕೆ ಬ್ರೇಕು ಮಾತ್ರ ಇರುತ್ತಿರಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಸಂದಿಗೆ ಬಂದು ಬಗ್ಗಿ ನೋಡಿದ. ನೀಲಿ ಹಿಡಿ ಮುಚ್ಚಿತ್ತು. ಜೋಡಿಸಿದ್ದು ಅವನದೇ ಕೈ. ಹತ್ತೊಂಬತ್ತು ವರ್ಷದ ಹಿಂದೆ ಮರೆತದ್ದೂ ಇದೇ ಕೈ, ಇಂಥದೇ ಸಂದಿಯಲ್ಲಿ.

ತೆರೆಯಲು ತಲೆಯನ್ನು ಒಳಗೆ ಹಾಕಬೇಕಿತ್ತು. ಕೀಲಿ ಕಿಸೆಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡ. ಇತ್ತು. ಆದರೂ ತಲೆ ಒಳಗಿಟ್ಟ ಗಳಿಗೆಯಲ್ಲಿ, ಮುಂದೆ ಮಂಜಿನೊಳಗೆ ತನ್ನ ಕ್ಯಾಬಿನ್ನಿನಲ್ಲಿ ಯಾರೋ ಕೂತಿದ್ದಾರೆ, ಗುಂಡಿಗೆ ಕೈಯಿಟ್ಟು ಕಾಯುತ್ತಿದ್ದಾರೆ ಎಂದು ಅವನಿಗೆ ಖಚಿತವಾಗಿ ಅನಿಸಿತು. ಓರ್ಸನ್ ಹೀಗೇ ಬಗ್ಗಿದ್ದ. ಇಷ್ಟೇ ಹೊತ್ತು, ಇಷ್ಟೇ ನಂಬಿಕೆಯಿಂದ, ಮುಂದಿರುವವನು ಕಾಯುತ್ತಾನೆ ಎಂದು ಬಗ್ಗಿದ್ದ. ಲವಾರ್ ಹಿಡಿಯನ್ನು ತಿರುಗಿಸಿ ಹೊರಗೆ ಹಾರಿದ. ಹಿಂದೆ, ತೆರೆದಿಟ್ಟು ಬಂದ ನೀಲಿ ಹಿಡಿಯಿಂದ ಗಾಳಿ ಬುಸ್ಸೆಂದು ಹೊರಟಿತು. ಓಡಿ ಹೋಗಿ ಮುಚ್ಚಿದ.

ಆಮೇಲೆ ಸುರಕ್ಷಿತ ಜಾಗದಲ್ಲಿ ನಿಂತು, ಕ್ಯಾಬಿನ್ನಿನಲ್ಲಿ ಯಾರಿದ್ದರೂ ಕೇಳಿಸಲೆಂದು, ಕೋಲೆತ್ತಿ ಟ್ರೇಲರಿಗೆ ಜೋರಾಗಿ ಎರಡು ಪೆಟ್ಟು ಹೊಡೆದ.

ಬ್ರೆಂಟ್ ಷೆಡ್ಡಿನಿಂದ ಓಡಿಬಂದ. "ಏನದು? ಇನ್ನೂ ಹೊರಟಿಲ್ವಾ ನೀವು?"

"ನೀಲಿ ಮುಚ್ಚಿತ್ತು."

ಬ್ರೆಂಟ್ ನೀಲಿ ಹಿಡಿಯತ್ತ ನೋಡಿದ. "ನಾನು... ಕೆಂಪು ಮಾತ್ರ ನೋಡ್ದೆ. ಸಾರಿ ಯಜಮಾನ್ರೇ. ನಮ್ಮಪ್ಪನ ಥರಾನೇ ಆಗ್ಬಿಟ್ಟೆ ನೋಡಿ, ಎಚ್ಚರ ಇಲ್ದೋನು..." ಎನ್ನುತ್ತಿದ್ದವನ ಕಣ್ಣು ಕೋಲಿನ ಮೇಲೆ ಬಿತ್ತು. "ಇದು ಅಮ್ಮನ ಬಾಗಿಲ ಹಿಂದೆ ಇರೋದಲ್ವಾ? ನಿಮ್ಮ ಕೈಗೆ ಹೆಂಗೆ ಬಂತು?"

ಲವಾರ್ ಕೋಲನ್ನು ಅವನ ಕೈಯಲ್ಲಿಟ್ಟ.

"ಆವತ್ತು ಇದು ನಿಮ್ಮಪ್ಪನ ಹತ್ರ ಇರ್ಲಿಲ್ಲ ಕಣೋ ಬ್ರೆಂಟ್," ಎಂದ. "ಅವನು ಹೊಡೀಲಿಲ್ಲ. ನಾನು ಕಾಯ್ಲಿಲ್ಲ."